ಅಳಿಯ ಕೊಟ್ಟ ಫೋನು

ಬುಧವಾರ, ಬೆಳಿಗ್ಗೆ ಒಂಬತ್ತೂವರೆ

ನನ್ನ ಗುಬ್ಬಿಗೆ, ಅಮ್ಮನ ಅಪ್ಪುಗೆ.

ಈ ಕಾಗದ ತಂದವರು ನಮ್ಮ ಹೊಲಿಗೆ ಕಾರ್ಖಾನೆಯ ಕಟಿಂಗ್ ಮಾಸ್ತರು. ನಂಬಬಹುದು, ಫೋನನ್ನೇ ಇಟ್ಟುಕೊಳ್ಳದ ಮನುಷ್ಯ. ನಿನ್ನ ನಂಬರನ್ನು ನನಗೂ ಕೊಡದೆ ಇದ್ದೆಯಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಓದಿದ ಕೂಡಲೇ ಅಂಗಡಿ ಬಿಟ್ಟು ಹೊರಡು. ಬಟ್ಟೆಬರೆಗೆಂದು ಮನೆಗೆ ಹೋಗಬೇಡ. ಪಾಪುವನ್ನು ಶಿಶುವಿಹಾರದಿಂದ ಕರೆದುಕೊಂಡು ಮಾಸ್ತರ ಜೊತೆ ಹೋಗು. ಇವತ್ತೊಂದು ದಿನ ಅವರ ಅಕ್ಕ ಇರಿಸಿಕೊಳ್ಳುತ್ತಾರೆ.

ನಿನ್ನೆ ಸಂಜೆ ನಿನ್ನ ಗಂಡ ಬಂದಿದ್ದ. ನೀನು ಮನೆ ಬಿಟ್ಟ ಮೇಲೆ ನನಗೊಂದು ಫೋನು ತಂದುಕೊಟ್ಟಿದ್ದನಲ್ಲ, ಅದರ ಮ್ಯಾಪನ್ನು ತನ್ನ ಫೋನಿನಲ್ಲೇ ತೆರೆದು ತೋರಿಸಿದ. ನಾನು ಹೋದಲ್ಲೆಲ್ಲ ನೀಲಿ ಗೆರೆ. ಇದೆಲ್ಲ ಅವನಿಗೆ ಕಾಣುತ್ತದೆಂದು ನನಗೇನು ಗೊತ್ತು? "ಎಂಟು ಗುರುವಾರ ಅದೇ ಬೀದಿಗೆ ಹೋಗಿದ್ದೀರಿ. ಯಾರಿದ್ದಾರೆ ಅತ್ತೆ ಅಲ್ಲಿ?" ಅಂದ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಕನ್ನಡಕ ಸರಿಮಾಡಿಸೋಕೆ ಹೋಗ್ತೀನಪ್ಪ." ಅವನು ಮ್ಯಾಪಿನಲ್ಲಿ ಕನ್ನಡಕದ ಅಂಗಡಿಯನ್ನು ಒತ್ತಿದ. ಗಿರಾಕಿಗಳು ಹಾಕಿದ ಫೋಟೋಗಳು ಒಂದೊಂದಾಗಿ ಬಂದವು. ನಾಲ್ಕನೆಯದರಲ್ಲಿ ಯಾರೋ ಹುಡುಗಿ ಹೊಸ ಕನ್ನಡಕ ಹಾಕಿಕೊಂಡು ನಗುತ್ತಿದ್ದಾಳೆ. ಅವಳ ಹೆಗಲ ಹಿಂದೆ ಗಾಜು ಒರೆಸುತ್ತಾ ನೀನು.

ಅವನು ಬೈಯಲಿಲ್ಲ. ಚಹಾ ಕುಡಿದು, ಲೋಟ ತೊಳೆದು ಬೋರಲು ಹಾಕಿ, "ನಾಳೆ ಮಧ್ಯಾಹ್ನ ರಜೆ ಹಾಕ್ತೀನಿ" ಅಂದ. ಕೂಗಾಡುವ ದಿನಕ್ಕಿಂತ ಸುಮ್ಮನಿರುವ ದಿನವೇ ಭಯ ಎಂದು ನೀನು ಹೇಳಿದಾಗ, ಅದೇನು ಮಾತು ಎಂದು ನಿನ್ನನ್ನೇ ಗದರಿದ್ದೆ. ಆ ಮಾತು ನಿನ್ನೆ ಅರ್ಥವಾಯಿತು ಕಂದ.

ಬೆಳಿಗ್ಗೆ ನಿಲ್ದಾಣಕ್ಕೆ ಹೋಗಿ, ಗಡಿಯವರೆಗೆ ಹೋಗುವ ಬಸ್ಸು ಹತ್ತಿ, ಹಿಂದಿನ ಸೀಟಿನ ಕೆಳಗೆ ಆ ಫೋನು ತುರುಕಿದೆ. "ಯಾಕಮ್ಮ, ಹತ್ತಿ ಇಳೀತಿದ್ದೀರಿ?" ಎಂದು ಕಂಡಕ್ಟರ್ ಕೇಳಿದ. "ಬಸ್ ತಪ್ಪಾಯ್ತು" ಅಂದೆ. ಹನ್ನೊಂದು ಗಂಟೆಯ ಪ್ರಯಾಣವಂತೆ. ತಾಯಿ ಮಗಳು ಸೇರಿ ಓಡಿಹೋದೆವೆಂದು ಅವನು ಮ್ಯಾಪಿನಲ್ಲಿ ಓಡುವ ಆ ಫೋನಿನ ಚುಕ್ಕಿಯ ಬೆನ್ನು ಹತ್ತಬಹುದು. ಹತ್ತದೆಯೂ ಇರಬಹುದು. ನನಗೆ ಹೊಳೆದದ್ದು ಇಷ್ಟೇ. ನಾನು ಇಲ್ಲೇ ಮನೆಯಲ್ಲಿರುತ್ತೇನೆ. ಬಂದರೆ ನನ್ನ ಹತ್ತಿರ ಬರಲಿ.

ತಡಮಾಡಬೇಡ.

ನಿನ್ನ ಅಮ್ಮ

ಮರೆತ ಮಾತಲ್ಲ, ಮುಚ್ಚಿಟ್ಟ ಮಾತು: ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಫೋನು ಕೊಟ್ಟ ದಿನವೇ ಅವನು, "ನೀವು ಎಲ್ಲಿ ಹೋದ್ರೂ ನಂಗೆ ಕಾಣುತ್ತೆ ಅತ್ತೆ" ಅಂದಿದ್ದ. ಗೊತ್ತಿದ್ದೇ ಪ್ರತಿ ಗುರುವಾರ ಅದನ್ನು ಚೀಲದಲ್ಲಿಟ್ಟುಕೊಂಡು ನಿನ್ನ ಬಾಗಿಲಿಗೆ ಬಂದೆ. ಅವನು ಬಂದು ಕ್ಷಮೆ ಕೇಳುತ್ತಾನೆ, ಸಂಸಾರ ಸರಿಹೋಗುತ್ತದೆ ಅಂದುಕೊಂಡಿದ್ದೆ. ನಾಳೆಯಿಂದ ಎಲ್ಲಿರುತ್ತೀಯೋ, ನನಗೆ ತಿಳಿಸಬೇಡ.