ಮೇಲ್ಮುಚ್ಚಳದ ಮಷೀನು

ದಮನ್‌ಹೂರ್
ಶುಕ್ರವಾರ, ಮಧ್ಯಾಹ್ನ

ನನ್ನ ಕಣ್ಣ ಬೆಳಕೇ, ರಬಾಬ್,

ನಿನ್ನ ಮೇಲೆ ದೇವರ ದಯೆ ಇರಲಿ. ಫೋನಿನಲ್ಲಿ ಮಾತಾಡಿದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಸಬ್ರಿ ನೀನಿರುವ ಪೋರ್ಟ್ ಸೈದ್‌ಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಮದುವೆಗೆಂದು ಕೊಂಡಿಟ್ಟ, ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನನ್ನು ಕೊಟ್ಟು, ಮುಂದೆ ಗಾಜಿನ ಬಾಗಿಲಿರುವುದನ್ನು ತರಬೇಕೆಂದು ಹಟ ಹಿಡಿದಿದ್ದೀಯೆ. ಪೆಟ್ಟಿಗೆ ಬಿಚ್ಚದಿದ್ದರೆ ಅಂಗಡಿಯ ಹಾಜ್ ಮಿದ್‌ಹತ್ ಬದಲಾಯಿಸಿ ಕೊಡುತ್ತಾರೆ, ಸರಿ. ಇಲ್ಲದಿದ್ದರೆ ಮದುವೆಯನ್ನೇ ಮುಂದಕ್ಕೆ ಹಾಕು ಎಂದೆಯಲ್ಲ, ಆ ಮಾತಿಗೇ ಈ ಕಾಗದ.

ನಿನ್ನ ಅತ್ತೆಯಾಗುವವರು, ಇಹಾಬನ ತಾಯಿ, ಮೊನ್ನೆ ಸಂತೆಯಲ್ಲಿ ಸಿಕ್ಕರು. "ನೋಡಮ್ಮಾ ಇನ್ಸಾಫ್, ಹುಡುಗಿ ಸಾಮಾನಿನ ಗಾಡಿ ಡೋಲು ಬಾರಿಸ್ಕೊಂಡು ಬೀದೀಲಿ ಬರೋವಾಗ ಜನ ಮೊದ್ಲು ನೋಡೋದೇ ಮಷೀನು. ನಮ್ಮ ದೊಡ್ಡ ಸೊಸೆ ಗಾಜಿನ ಬಾಗಿಲಿಂದು ತಂದ್ಳು" ಅಂದರು. "ಗಾಜಿನೊಳಗೆ ಏನು ಕಾಣತ್ತೆ ಅಕ್ಕಾ, ನಿಮ್ಮ ಮಗನ ಬನೀನು ತಾನೆ?" ಅಂದೆ. ನಕ್ಕರು, ಆದರೆ ಪಟ್ಟು ಬಿಡಲಿಲ್ಲ.

ನ್ಯಾಯವಾಗಿಯೇ ಹೇಳುತ್ತೇನೆ. ಮುಂಬಾಗಿಲಿನದು ನೀರು ಕಡಿಮೆ ಕುಡಿಯುತ್ತದೆ, ಕೊಳೆ ಚೆನ್ನಾಗಿ ತೆಗೆಯುತ್ತದೆ, ಬಟ್ಟೆಯೂ ಬೇಗ ಸವೆಯುವುದಿಲ್ಲ. ನಿನ್ನ ಚಿಕ್ಕಮ್ಮನ ಮನೆಯಲ್ಲಿ ನೋಡಿದ್ದೇನೆ. ಆದರೆ ಬಾಗಿಲಿನ ರಬ್ಬರು ಒರೆಸದಿದ್ದರೆ ಮುಗ್ಗಲು ವಾಸನೆ. ಪ್ರತಿ ಸಲವೂ ಸೊಂಟ ಬಗ್ಗಿಸಬೇಕು. ನಡುವೆ ನಲ್ಲಿ ನಿಂತಿತೋ, ಅದರ ಮುಂದೆ ಕಾಯುತ್ತಾ ಕೂರಬೇಕು. ಮೇಲ್ಮುಚ್ಚಳದ್ದು ನೀರು ಜಾಸ್ತಿ ಕೇಳುತ್ತದೆ, ನಿಜ. ಅಂಗಿಯ ತೋಳುಗಳು ಜಗಳಕ್ಕೆ ಬಿದ್ದ ಓರಗಿತ್ತಿಯರ ಹಾಗೆ ಒಂದಕ್ಕೊಂದು ಸುತ್ತಿಕೊಂಡು ಬರುತ್ತವೆ. ಆದರೆ ನಮ್ಮ ಐದನೇ ಮಹಡಿಗೆ ನೀರು ಏರದ ದಿನ ಬಕೆಟ್ಟಿನಿಂದ ಸುರಿಯಬಹುದು. ಆಗತಾನೇ ಒದ್ದೆಯಾದ ಇನ್ನೊಂದು ಹಾಸನ್ನು ನಡುವೆಯೇ ಮುಚ್ಚಳ ತೆರೆದು ಹಾಕಬಹುದು. ಅದು ಒಂದೇ ಪಕ್ಕಕ್ಕೆ ಸೇರಿ ಮಷೀನು ಕುಣಿಯತೊಡಗಿದರೆ ನಿಲ್ಲಿಸಿ ಕೈಯಿಂದ ಸರಿಸಬಹುದು.

ಇಷ್ಟೆಲ್ಲ ಅಮ್ಮನಿಗೆ ಹೇಗೆ ಗೊತ್ತು ಎಂದು ನೀನು ಇಷ್ಟು ಹೊತ್ತಿಗೆ ಕೇಳಿಕೊಂಡಿರುತ್ತೀ. ಪೆಟ್ಟಿಗೆ ಬಿಚ್ಚಿದ್ದೇನೆ, ರಬಾಬ್. ಮದುಮಗಳ ಸಾಮಾನನ್ನು ಅವಳಿಗಿಂತ ಮೊದಲು ತಾಯಿ ಬಳಸಿದಳೆಂದರೆ ಈ ಬೀದಿಯ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ಗೊತ್ತು.

ಹಬ್ಬ ಮುಗಿಸಿ ನೀನು ಕಾರ್ಖಾನೆಗೆ ಹೊರಟ ವಾರದಲ್ಲೇ ಅಪ್ಪನಿಗೆ ಲಕ್ವ ಹೊಡೆಯಿತು. ಈಗ ಎಲ್ಲವೂ ಹಾಸಿಗೆಯಲ್ಲೇ. ನೀನು ಫೋನು ಮಾಡಿದಾಗಲೆಲ್ಲ "ಮಲಗಿದ್ದಾರೆ" ಎಂದೆ, ಅದೇನೂ ಸುಳ್ಳಲ್ಲ. ಹಳೆಯ ಮಷೀನು ಕೈಕೊಟ್ಟಿತು. ಕೈಯಲ್ಲೇ ಒಗೆದೆ, ಬೆರಳು ಮಡಚಲಾಗದಷ್ಟು ಒಗೆದೆ. ಅವರು ತೊದಲುತ್ತಲೇ ಒಂದೇ ಮಾತು ಹೇಳುತ್ತಾರೆ: "ಅವಳಿಗೆ ಹೇಳ್ಬೇಡ ಕಣೇ, ಮದ್ವೆ ನಿಲ್ಲಿಸ್ಬಿಡ್ತಾಳೆ. ನಾನು ನೋಡ್ಬೇಕು." ಇನ್ನೊಂದು ಸಲ ಹೊಡೆದರೆ ತಡೆಯಲಾರರು ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಸಾಕಾಗಿದೆ, ಮಗಳೇ. ಬೆಳಗ್ಗೆ ಏಳುವಾಗಲೇ ಸುಸ್ತಾಗಿರುತ್ತೇನೆ.

ಈ ಮಷೀನು ನಿನ್ನದು. ಬೇಕೆಂದರೆ ಒರೆಸಿ ಗಾಡಿಗೆ ಹತ್ತಿಸುತ್ತೇನೆ, ಇಲ್ಲೇ ಇರಲಿ ಎಂದರೆ ಇರಿಸಿಕೊಳ್ಳುತ್ತೇನೆ. ಅತ್ತೆಗೆ ಏನು ಹೇಳುತ್ತೀಯೋ ಹೇಳು. ದಿನ ಮಾತ್ರ ಬದಲಿಸಬೇಡ.

ನಿನ್ನ ಅಮ್ಮ,
ಇನ್ಸಾಫ್

ಮರೆತಿದ್ದೆ: ನಿಕಾಹ್‌ನಲ್ಲಿ ಬಿಳಿ ಕರವಸ್ತ್ರದ ಕೆಳಗೆ ಇಹಾಬನ ಕೈ ಹಿಡಿಯಲು, ಹುಡುಗಿಯ ತಂದೆಯ ಜಾಗದಲ್ಲಿ, ನಿನ್ನ ಚಿಕ್ಕಪ್ಪನನ್ನು ಕೂರಿಸೋಣವೇ ಎಂದು ಅಪ್ಪನನ್ನು ಕೇಳಿದೆ. ಸಿಟ್ಟಾದರು. ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ಮುಂದೆ ಇಟ್ಟು ತೋರಿಸಿದರು. ಇಹಾಬನಿಗೆ ಹೇಳಿಡು, ಅವನೇ ಗಟ್ಟಿಯಾಗಿ ಹಿಡಿದುಕೊಳ್ಳಲಿ, ಇವರಿಗೆ ಹಿಡಿಯಲು ಬರುವುದಿಲ್ಲ.