ಮೂರು ತಾಸಿನ ದಾರಿ

ತಂಗಿ ಮಲ್ಲಿಕಾಗೆ, ಮಾನ್ವಿಯಿಂದ ನಿನ್ನ ಅಕ್ಕ ಬರೆಯುವುದು.

ಪಕ್ಕದ ಮನೆಯ ಮಹಬೂಬೀ ಮಗಳ ಹೆರಿಗೆಗೆಂದು ಶುಕ್ರವಾರ ಮಸ್ಕತ್ತಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ. ಹೋದ ವಾರ ಫೋನಿನಲ್ಲಿ ನೀನು ಎರಡು ಮಾತು ಕೇಳಿದೆ. ಅವ್ವ ಕೊನೆಗೆ ಏನಂದಳು, ನನ್ನ ಪಾಲಿನ ಸೀರೆ ಎಲ್ಲಿ ಎಂದು. ನಿನ್ನ ಹೆಸರು ಹಿಡಿದು ಹರಸಿದಳು ಅಂದೆ. ಸೀರೆಯ ಮಾತಿಗೆ ಸಿಗ್ನಲ್ ಇಲ್ಲವೆಂದು ಫೋನ್ ಇಟ್ಟೆ. ಎರಡೂ ಸುಳ್ಳು.

ರಾಯಚೂರಿನ ಆಸ್ಪತ್ರೆಗೆ ಸೇರಿಸಿದ ಮರುದಿನ ಅವ್ವ ಕೇಳಿದ್ದು ಒಂದೇ. "ಮಲ್ಲಿ ಇರೋ ಊರು ಎಷ್ಟು ದೂರ ಅದ?" ನಾನೋ ದೊಡ್ಡ ಜಾಣೆ. ಮೊಬೈಲ್ ತೆಗೆದು ನೋಡಿದೆ. ಮಸ್ಕತ್ತಿನಿಂದ ಹೈದರಾಬಾದಿಗೆ ಎರಡು ಸಾವಿರ ಕಿಲೋಮೀಟರ್, ವಿಮಾನದಲ್ಲಿ ಮೂರು ತಾಸು. ಹಾಗೇ ಓದಿ ಹೇಳಿದೆ. ಕಿಲೋಮೀಟರ್ ಅವಳ ತಲೆಗೆ ಹೋಗಲಿಲ್ಲ, ತಾಸು ಹೋಯಿತು. "ಬಸ್ಸು ತಪ್ಪಿದ್ರ ದೇವದುರ್ಗದಿಂದ ನಿನ್ನ ಮನಿಗಿ ಬರಾಕ ನನಗ ಅಷ್ಟೇ ಹೊತ್ತು ಹಿಡೀತದ. ಹಂಗಾದ್ರ ಆಕಿ ಇಲ್ಲೇ ಸನೇಕ ಅದಾಳ" ಎಂದು ವಾರ್ಡಿಗೆಲ್ಲ ಸಾರಿದಳು.

ನಿನ್ನ ಪಾಸ್‌ಪೋರ್ಟ್ ನೀನು ಕೆಲಸಕ್ಕಿರುವ ಮನೆಯ ಯಜಮಾನಿಯ ಬೀರುವಿನಲ್ಲಿದೆ, ಕೇಳಿದರೆ ಕೊಡುವುದಿಲ್ಲ ಎಂದು ನೀನು ಅತ್ತದ್ದನ್ನು ನಾನು ಹೇಳಲಿಲ್ಲ. ಮಗಳು ಸಿಕ್ಕಿಬಿದ್ದಿದ್ದಾಳೆ ಅಂದರೆ ಅಲ್ಲೇ ಎದೆಯೊಡೆದುಕೊಂಡಾಳೆಂದು ಹೆದರಿದೆ. "ಹೊಂಟಾಳಬೇ, ಬರ್ತಾಳ" ಅಂದುಬಿಟ್ಟೆ.

ಅಲ್ಲಿಂದ ಅವಳು ಗೋಡೆಯ ಗಡಿಯಾರ ನೋಡತೊಡಗಿದಳು. ಮೂರು ತಾಸಾಯಿತು, ಮತ್ತೆ ಮೂರಾಯಿತು. ವಿಮಾನ ತಡ ಅಂದೆ, ಮಳೆ ಅಂದೆ. ಹೀಗೇ ಎರಡು ದಿನ ತಳ್ಳಿದೆ. ಮೂರನೆಯ ದಿನ ಗಂಜಿಯ ಬಟ್ಟಲು ಸರಿಸಿ, ನನ್ನನ್ನು ಬಿಟ್ಟು, ಮಂಚದ ಪಕ್ಕ ಕೂತಿದ್ದ ಬೂದೆಮ್ಮ ಚಿಗವ್ವನ ಕಡೆ ತಿರುಗಿ ಹೇಳಿದಳು: "ಮೂರು ತಾಸಿನ ದಾರಿ. ಮನಸಿದ್ರ ಬರ್ತಿದ್ದಳು. ನನ್ನ ಸೀರಿ ಆಕಿಗಿ ಕೊಡಬ್ಯಾಡ."

ಆಗಲಾದರೂ ಬಾಯಿ ಬಿಡಬಹುದಿತ್ತು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಔಷಧಿ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಅವ್ವ ಇರಲಿಲ್ಲ.

ಹನ್ನೊಂದನೆಯ ದಿನ ಸೀರೆ ಹಂಚುವಾಗ ಚಿಗವ್ವ ಎಲ್ಲವನ್ನೂ ನನ್ನ ಉಡಿಗೇ ಹಾಕಿದಳು. ಅಷ್ಟು ಜನರ ಮುಂದೆ ನಿಜ ಹೇಳಿದೆ. ಚಿಗವ್ವ "ಈಗ ಹೇಳಿದ್ರ ಏನು ಬಂತು, ಆಕಿ ಕೇಳ್ತಾಳೇನು? ಸತ್ತಾಕಿ ಮಾತು ಮುರೀಬಾರದು" ಅಂದಳು. 

ಅವ್ವ ಹರಸಿದಳೆಂಬ ಆ ಸುಳ್ಳಿನಲ್ಲೇ ನಿನ್ನನ್ನು ಬಿಡಬಹುದಿತ್ತು. ಆದರೆ ನೀನು ಎಂದಾದರೂ ಊರಿಗೆ ಬಂದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಇನ್ನೊಬ್ಬರ ಬಾಯಿಂದ ಕೇಳುವುದು ಬೇಡ. ಅವ್ವನ ಸಿಟ್ಟು ನನ್ನ ಪಾಲಿನದು, ನಿನ್ನ ಮೇಲೆ ಬಿತ್ತು. ಅದನ್ನು ಬಿಡಿಸಲು ಈಗ ಯಾರ ಹತ್ತಿರ ಹೋಗಲಿ? ಸೀರೆಗಳು ನನ್ನ ಟ್ರಂಕಿನಲ್ಲಿವೆ. ನಾನು ಉಡಲಾರೆ, ಅವಳ ಮಾತು ಮೀರಿ ನಿನಗೆ ಕಳಿಸಲೂ ಆರೆ.

ಅವ್ವ ನಿನ್ನನ್ನು ಹರಸಲಿಲ್ಲ, ಮಲ್ಲಿ. ನನ್ನ ಹಾರೈಕೆಗೆ ಇನ್ನೂ ಬಲವಿದ್ದರೆ ಅದನ್ನೇ ಇಟ್ಟುಕೋ. ತಣ್ಣಗಿರು.

ನಿನ್ನ ಅಕ್ಕ,
ಶಶಿಕಲಾ