ಕ್ರೋಟನ್ ಗಿಡ ಹೊತ್ತ ರಕ್ಷಣಾ ದೋಣಿಗೆ ಐದು ನಕ್ಷತ್ರ

ಜಲಕ್ರೀಡಾ ತಾಣಗಳಿಗೆ ನಕ್ಷತ್ರ ಹಂಚುವ ಮಾನ್ಯ ಅಧಿಕಾರಿಗಳೇ,

ನೀವು ಐದು ನಕ್ಷತ್ರ ಕೊಟ್ಟಿರುವ ಸರೋವರದ ದಂಡೆಯ ರೆಸಾರ್ಟಿನಲ್ಲಿ ಕಳೆದ ತಿಂಗಳು ನನ್ನ ಹನ್ನೊಂದು ವರ್ಷದ ಮೊಮ್ಮಗಳು ಮುಳುಗಿದಳು. ಬದುಕಿದ್ದಾಳೆ. ಬದುಕಿದ್ದಾಳೆಂಬ ಒಂದೇ ಕಾರಣಕ್ಕೆ ನೀವು ನನ್ನ ದೂರನ್ನು ವಾಪಸು ಕಳಿಸಿದ್ದೀರಿ. "ಪ್ರಾಣಹಾನಿ ಸಂಭವಿಸಿಲ್ಲವಾದ್ದರಿಂದ ಸದರಿ ಅರ್ಜಿಯನ್ನು ಅಪಘಾತದ ವರ್ಗದಲ್ಲಿ ಪರಿಗಣಿಸಲು ಅವಕಾಶವಿರುವುದಿಲ್ಲ." ಎಷ್ಟು ಅಚ್ಚುಕಟ್ಟಾದ ವಾಕ್ಯ! ನಮ್ಮ ಕಡೆಯಿಂದಾದ ಕೊರತೆಗೆ ಕ್ಷಮೆಯಿರಲಿ. ಆದರೆ ಈ ತಿಂಗಳ ಇಪ್ಪತ್ತೆರಡಕ್ಕೆ ಅವಳ ತರಗತಿಯ ನಲವತ್ತೊಂದು ಮಕ್ಕಳು ನಿಮ್ಮ ಪಟ್ಟಿಯನ್ನೇ ನೋಡಿಕೊಂಡು ಅದೇ ಜಾಗಕ್ಕೆ ಹೊರಟಿದ್ದಾರೆ. ಆದ್ದರಿಂದ ಈ ಸಲ ನಿಮ್ಮ ಕಚೇರಿಯ ಪೆಟ್ಟಿಗೆಗೆ ಬರೆಯದೆ ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯುತ್ತಿದ್ದೇನೆ.

ಆ ರೆಸಾರ್ಟನ್ನು ಆರಿಸಿದವಳು ನಾನೇ. ನಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಆರಿಸುವವಳು ನಾನೇ. ಮೊಮ್ಮಗಳಿಗೆ ನೀರೆಂದರೆ ಪ್ರಾಣ, ಅವಳನ್ನು ಮನೆಯಲ್ಲಿ ಕರೆಯುವುದೇ ಕಪ್ಪೆಮರಿ ಎಂದು. ರಜೆಗೆ ಹುಟ್ಟು ಹಾಕುವ ದೋಣಿಯೇ ಬೇಕೆಂದು ಹಟ ಹಿಡಿದಳು. ಸೊಸೆ ಎಲ್ಲಿಯೋ ಒಂದು ಸಣ್ಣ ಜಾಗ ಹುಡುಕಿ, ಅದನ್ನು ನಡೆಸುವ ಹೆಂಗಸಿಗೆ ಫೋನು ಮಾಡಿದಳು. ನಡುವೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

"ಅತ್ತೆ, ನಿಮ್ಮ ತೂಕ ಎಷ್ಟು ಅಂತ ಕೇಳ್ತಿದಾರೆ."

"ಯಾಕೆ, ನನ್ನನ್ನೇನು ಸಂತೆಗೆ ಹಾಕ್ತಾಳಂತಾ?"

"ಲೈಫ್ ಜಾಕೆಟ್ ಅಳತೆಗಂತೆ. ಎಲ್ಲರದ್ದೂ ಬೇಕಂತೆ. ಈಜು ಯಾರಿಗೆ ಬರುತ್ತೆ, ಮೂರ್ಛೆ ಗೀರ್ಛೆ ಯಾರಿಗಾದ್ರೂ ಇದೆಯಾ, ಅದನ್ನೂ ಕೇಳ್ತಿದಾರೆ."

"ಮೊದಲು ಅವಳ ಬಾಯಿಗೊಂದು ಜಾಕೆಟ್ ತೊಡಿಸ್ಕೊಳೋಕೆ ಹೇಳು. ಇಡು ಫೋನು."

ಸೊಸೆ ಇಟ್ಟಳು. ನಾನು ಮಗನ ಕೈಲಿ ನಿಮ್ಮ ಪಟ್ಟಿಯನ್ನು ತೆಗೆಸಿ ಗಟ್ಟಿಯಾಗಿ ಓದಿದೆ. ರಕ್ಷಣಾ ದೋಣಿ, ಇದೆ. ಲೈಫ್ ಜಾಕೆಟ್, ನೂರಿಪ್ಪತ್ತು, ಸ್ಥಿತಿ ಉತ್ತಮ. ಐದು ನಕ್ಷತ್ರ, ಕೆಳಗೆ ಇಲಾಖೆಯ ಮುದ್ರೆ. ಆ ಐದು ನಕ್ಷತ್ರದವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ದಿಂಬು ಮೆತ್ತಗಿರಬೇಕೋ ಗಟ್ಟಿಯಿರಬೇಕೋ? "ನೋಡು, ಮರ್ಯಾದೆ ಅಂದ್ರೆ ಇದು" ಎಂದು ಸೊಸೆಗೆ ಪಾಠ ಹೇಳಿದೆ. ಬೇಕಾದ್ದನ್ನು ಕೇಳಿದವಳು ನನಗೆ ಅಧಿಕಪ್ರಸಂಗಿಯಂತೆ ಕಂಡಳು, ಏನೂ ಕೇಳದವರು ಸಭ್ಯರಂತೆ ಕಂಡರು. ನನ್ನ ತಪ್ಪನ್ನು ನನ್ನ ಬಾಯಿಂದ ಹೇಳುವ ರೂಢಿ ನನಗಿಲ್ಲ. ಇಲ್ಲಿ ಹೇಳಿದ್ದೇನೆ. ನಿಮ್ಮ ತಪ್ಪನ್ನು ನೀವು ಎಲ್ಲಿ ಹೇಳುತ್ತೀರಿ?

ಮಧ್ಯಾಹ್ನ ಮೂರರ ಹೊತ್ತು. ಮಗ, ಮೊಮ್ಮಗಳು ಇಬ್ಬರೂ ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿ, ಕಯಾಕ್ ಅನ್ನುತ್ತಾರೆ. ಮೊಳೆಗೆ ನೇತುಹಾಕಿದ್ದ ಬಣ್ಣಗೆಟ್ಟ ಜಾಕೆಟ್ಟೊಂದನ್ನು ಅವಳಿಗೆ ತೊಡಿಸಿದರು. ಅದು ದೊಡ್ಡವರದು, ಕಾಲ ನಡುವಿನ ಪಟ್ಟಿ ಕಿತ್ತುಹೋಗಿತ್ತು. "ಅಜ್ಜೀ, ಇದರೊಳಗೆ ಇನ್ನೊಬ್ಳು ಹಿಡೀತಾಳೆ ನೋಡು!" ಎಂದು ನಕ್ಕಳು. ದಡದ ಕುರ್ಚಿಯಲ್ಲಿ ಕೂತಿದ್ದ ನಾನೂ ನಕ್ಕೆ. ಸ್ವಲ್ಪ ದೂರ ಹೋದ ಮೇಲೆ ಗಾಳಿ ಎದ್ದಿತು, ದೋಣಿ ಅಡ್ಡ ತಿರುಗಿ ಮಗುಚಿತು. ಜಾಕೆಟ್ ಮೇಲೆ ಬಂತು. ಮಗು ಬರಲಿಲ್ಲ. ಜಾಕೆಟ್ ತೇಲುತ್ತದೆ ಎಂಬ ಮಟ್ಟಿಗೆ ನಿಮ್ಮ ವರದಿ ಸರಿಯಾಗಿಯೇ ಇದೆ.

ಮಗ ಎರಡು ಸಲ ಮುಳುಗಿ ಅವಳ ಕೂದಲು ಹಿಡಿದ. ಹಿಡಿದವನಿಗೆ ದಡ ಸೇರಲು ಆಗುತ್ತಿಲ್ಲ, ಗಾಳಿ ಹೊರಕ್ಕೆ ತಳ್ಳುತ್ತಿದೆ. ದೋಣಿ ಕೊಟ್ಟಿದ್ದ ನರೆತ ಮೀಸೆಯ ಮನುಷ್ಯ ಓಡಿದ, ಆದರೆ ನೀರಿನ ಕಡೆಗಲ್ಲ. ರಕ್ಷಣಾ ಸಾಮಾನಿನ ಕಪಾಟಿನ ಬೀಗದ ಕೈ ಕೇಳಲು ಮ್ಯಾನೇಜರನ ಕೋಣೆಗೆ! ನೀರಿನಂಚಿನ ಮೆಟ್ಟಿಲ ಮೇಲೆ ರೆಸಾರ್ಟಿನ ಬಟ್ಟೆ ಒಗೆಯುತ್ತಿದ್ದ ಹೆಂಗಸು ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ಹಾಸಿಗೆಯ ಮೂರು ಒದ್ದೆ ಹೊದಿಕೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಎದೆಮಟ್ಟದ ನೀರಿಗಿಳಿದು ಬೀಸಿದಳು. ಮೂರನೆಯ ಸಲ ಮಗನ ಕೈಗೆ ಸಿಕ್ಕಿತು. ನಾನೂ ಸೊಸೆಯೂ ಆ ಬಟ್ಟೆಯ ಹಿಂತುದಿ ಹಿಡಿದು ಎಳೆದೆವು. ನಿಮ್ಮ ಪಟ್ಟಿಯಲ್ಲಿ ಆಕೆಯ ಉಲ್ಲೇಖವಿಲ್ಲ.

ಮಗು ನೀರು ಕಾರಿ ಉಸಿರಾಡಿದ ಮೇಲೆ ನಾನು ಮ್ಯಾನೇಜರನನ್ನು ಹಿಡಿದುಕೊಂಡೆ.

"ರಕ್ಷಣಾ ದೋಣಿ ಎಲ್ಲಪ್ಪಾ?"

"ನೀವು ಬಂದ ದಿನ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರಲ್ಲಮ್ಮಾ, ಅದೇ."

ಹೌದು, ತೆಗೆಸಿಕೊಂಡಿದ್ದೆ. ಹೆಬ್ಬಾಗಿಲ ಬಳಿ ಸಿಮೆಂಟು ಕಟ್ಟೆಯ ಮೇಲೆ ಕೂರಿಸಿ, ಒಳಗೆ ಮಣ್ಣು ತುಂಬಿ, ಕ್ರೋಟನ್ ಗಿಡ ಬೆಳೆಸಿದ್ದಾರೆ. ಅಷ್ಟು ಹೊತ್ತಿಗೆ ಬೀಗದ ಕೈ ಬಂದು ಕಪಾಟು ತೆರೆಯಿತು. ಒಳಗೆ ಸಾಲು ಸಾಲು ಹೊಸ ಜಾಕೆಟ್ಟುಗಳು, ಮಕ್ಕಳ ಅಳತೆಯವೂ ಇವೆ, ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ.

"ಇವನ್ನ ಯಾಕೆ ಕೊಡಲಿಲ್ಲ?"

"ಕವರ್ ಬಿಚ್ಚಿದ್ರೆ ಮಾಸಿಹೋಗುತ್ತಮ್ಮಾ. ಮಾಸಿದ್ದನ್ನ ತಪಾಸಣೆಗೆ ಬರೋ ಸಾಹೇಬ್ರು ಲೆಕ್ಕಕ್ಕೆ ತಗೊಳಲ್ಲ. ಇವು ಅವರಿಗೆ ತೋರ್ಸೋಕೆ."

ಅರ್ಥವಾಯಿತೇ ಮಾನ್ಯರೇ? ತೊಡುವ ಜಾಕೆಟ್ ನಿಮ್ಮ ಲೆಕ್ಕಕ್ಕಿಲ್ಲ, ಲೆಕ್ಕಕ್ಕಿರುವ ಜಾಕೆಟ್ಟನ್ನು ಯಾರೂ ತೊಡುವಂತಿಲ್ಲ. ಇಂಥ ಏರ್ಪಾಡು ಮಾಡಲು ಎಷ್ಟು ವರ್ಷ ಓದಬೇಕಾಗುತ್ತದೆ? ನಾನು ಹತ್ತನೆಯ ತರಗತಿಗೆ ನಿಲ್ಲಿಸಿದವಳು, ನನ್ನ ತಲೆಗೆ ಇದು ಹೊಳೆಯುತ್ತಿರಲಿಲ್ಲ. ನಲವತ್ತು ವರ್ಷ ಹನ್ನೊಂದು ಜನರ ಮನೆ ನಡೆಸಿದ್ದೇನೆ. ಕೊಡೆ ಕೊಂಡರೆ ಅಂಗಡಿಯಲ್ಲೇ ಬಿಚ್ಚಿ ನೋಡುತ್ತೇನೆ, ಏಣಿ ತಂದರೆ ತಂದವನನ್ನೇ ಮೊದಲು ಹತ್ತಿಸುತ್ತೇನೆ. ನೀವು ಗಿಡ ಬೆಳೆದ ದೋಣಿಯನ್ನು ಕಣ್ಣಾರೆ ಕಂಡು "ಇದೆ" ಎಂದು ಬರೆದಿರಿ. ಸುಳ್ಳೇನಲ್ಲ, ಇದೆ. ಅದಕ್ಕೆ ನೀರು ಹಾಕುವುದೂ ನಿಜ, ದಿನಕ್ಕೆ ಎರಡು ಸಲ, ಬಿಂದಿಗೆಯಲ್ಲಿ.

ಶಾಲೆಯ ಪ್ರವಾಸದ ಸುದ್ದಿ ಕೇಳಿ ಮುಖ್ಯೋಪಾಧ್ಯಾಯರ ಹತ್ತಿರ ಹೋದೆ. ಮೇಜಿನ ಗಾಜಿನಡಿ ನಿಮ್ಮ ಪಟ್ಟಿ. "ಐದು ನಕ್ಷತ್ರ ಇದೆಯಲ್ಲಮ್ಮಾ. ಇಲಾಖೆಗಿಂತ ನಿಮಗೆ ಹೆಚ್ಚು ಗೊತ್ತಾ?" ಎಂದರು. "ಮುಳುಗಿದ್ದು ಇಲಾಖೆಯ ಮೊಮ್ಮಗಳಲ್ಲ ಮೇಷ್ಟ್ರೇ" ಎಂದೆ. "ಹಾಗಾದ್ರೆ ನಿಮ್ಮ ಮಗೂನ ಕಳಿಸ್ಬೇಡಿ ಬಿಡಿ" ಎಂದು ಮುಗಿಸಿದರು. ಕಳಿಸುವುದಿಲ್ಲ, ಸರಿ. ಆದರೆ ಆ ಮಗು ಈಗ ಸ್ನಾನದ ಬಕೆಟ್ಟಿಗೂ ಹೆದರಿ ಕೂತಿದೆ, ಕೂತಲ್ಲೇ ಗೆಳತಿಯರನ್ನು ಎಣಿಸುತ್ತದೆ. "ಅಜ್ಜೀ, ನನ್ನ ಬೆಂಚಿನವಳು ನನಗಿಂತ ಸಣ್ಣ. ಅವಳೂ ಜಾರಿಹೋಗ್ತಾಳೆ ಅಲ್ವಾ?" ಈ ಪ್ರಶ್ನೆಯನ್ನು ನಾನು ಯಾವ ವರ್ಗದಲ್ಲಿ ಪರಿಗಣಿಸಲಿ?

ಇಪ್ಪತ್ತೆರಡರೊಳಗೆ ಆ ಐದೂ ನಕ್ಷತ್ರಗಳನ್ನು ಕಿತ್ತು, ಕಿತ್ತದ್ದನ್ನು ಆ ಶಾಲೆಗೆ ಬರಹದಲ್ಲಿ ತಿಳಿಸಿ. ನಕ್ಷತ್ರದ ಮೇಲೆ ಅಷ್ಟೊಂದು ಮಮತೆಯಿದ್ದರೆ, ಗಿಡ ಕೀಳಿಸಿ ದೋಣಿಯನ್ನು ನೀರಿಗಿಳಿಸಿ, ಕಪಾಟಿನ ಬೀಗ ಒಡೆಸಿ, ಪ್ರತಿ ಮಗುವಿಗೂ ಅದರದೇ ಅಳತೆಯ ಜಾಕೆಟ್ಟನ್ನು ನಿಮ್ಮ ಕೈಯಾರೆ ಬಿಗಿಯಿರಿ. ಎರಡೂ ಆಗದಿದ್ದರೆ ಇಪ್ಪತ್ತೆರಡರ ಬೆಳಿಗ್ಗೆ ಆರಕ್ಕೆ ಶಾಲೆಯ ಗೇಟಿನಲ್ಲಿ, ಬಸ್ಸಿಗೆ ಅಡ್ಡವಾಗಿ, ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಪಕ್ಕದಲ್ಲಿ ಸೊಸೆಯೂ ಕೂರುತ್ತಾಳಂತೆ. ಅವಳಾಗಿಯೇ ಹೇಳಿದ್ದು, ನಾನು ಕರೆದಿರಲಿಲ್ಲ. ನಮ್ಮನ್ನು ಎಬ್ಬಿಸಲು ಗುಮಾಸ್ತರನ್ನು ಕಳಿಸಬೇಡಿ, ನೀವೇ ಬನ್ನಿ. ಒದ್ದೆಯಾದರೂ ಪರವಾಗಿಲ್ಲ ಎನ್ನುವಂಥ ಬಟ್ಟೆ ಹಾಕಿಕೊಂಡು ಬನ್ನಿ. ಅವತ್ತು ಮೊಳೆಯ ಮೇಲಿನ ಜಾಕೆಟ್ ತೊಟ್ಟು ಮೊದಲ ದೋಣಿ ಹತ್ತಬೇಕಾದವರು ನೀವು.

ಇಂತಿ,
ಸೊಸೆಯ ಮಾತಿಗಿಂತ ನಿಮ್ಮ ಮುದ್ರೆ ದೊಡ್ಡದೆಂದು ನಂಬಿ ಕೆಟ್ಟ ಒಬ್ಬ ಅತ್ತೆ